ತಾವರೆಯ ನೆಂಟರಾರು?

ಕೆರೆಯ ಏರಿಯ ಮೇಲೆ ನಿಂತು ನೋಡುವವರಿಗೆ ತಾವರೆಯೂ ನೈದಿಲೆಯೂ ಅಕ್ಕತಂಗಿಯರಂತೆ ಕಾಣುತ್ತವೆ. ಎರಡರ ಗಡ್ಡೆಯೂ ಕೆಸರಿನಲ್ಲಿ ಹುದುಗಿರುತ್ತದೆ. ಎರಡರ ದಂಟೂ ನೀಳವಾಗಿ, ಒಳಗೆಲ್ಲ ಗಾಳಿಯ ಕೊಳವೆಗಳಿಂದ ಕೂಡಿ, ನೀರನ್ನು ಸೀಳಿಕೊಂಡು ಮೇಲೆ ಬರುತ್ತದೆ. ಎರಡರ ಎಲೆಯೂ ತಟ್ಟೆಯಂತೆ ಅಗಲ. ಎರಡರ ಹೂವಿನಲ್ಲೂ ಎಸಳುಗಳು ಹಲವು, ಕೇಸರಗಳು ಎಣಿಕೆಗೆ ಸಿಗದಷ್ಟು. ಪೇಟೆಯಲ್ಲಿ ಹೂವು ಮಾರುವವಳು ಒಂದರ ಬದಲು ಇನ್ನೊಂದನ್ನು ಕೊಟ್ಟರೂ ಕೊಳ್ಳುವವರು ಜಗಳಕ್ಕೆ ನಿಲ್ಲುವುದು ಅಪರೂಪ. ಆದರೆ ನಮ್ಮ ಕವಿಗಳು ಈ ವಿಷಯದಲ್ಲಿ ಕಟ್ಟುನಿಟ್ಟಿನವರು. ತಾವರೆಗೆ ಸೂರ್ಯನು ಇನಿಯ, ನೈದಿಲೆಗೆ ಚಂದ್ರನು ಇನಿಯ ಎಂಬುದು ಅವರ ಸಂಪ್ರದಾಯ. ಒಂದು ಅರಳುವ ಹೊತ್ತಿಗೆ ಇನ್ನೊಂದು ಮುಚ್ಚಬೇಕು. ಹಗಲಿನಲ್ಲೇ ಅರಳುವ ನೀಲಿಯ ನೈದಿಲೆ ಈ ಕಟ್ಟಳೆಗೆ ಸೊಪ್ಪು ಹಾಕುವುದಿಲ್ಲವೆಂಬುದು ನಿಜ. ಆದರೂ ಇವು ಎರಡು ಬೇರೆ ಬೇರೆ ಜೀವಗಳೆಂಬ ಅರಿವು ಆ ಸಂಪ್ರದಾಯದ ಬೆನ್ನಿಗಿದೆ.

ಸಸ್ಯಶಾಸ್ತ್ರಜ್ಞರ ಕಥೆಯೇ ಬೇರೆ. ಅವರಲ್ಲಿ ಹೆಚ್ಚಿನವರು ಇನ್ನೂರು ವರ್ಷಗಳಿಗೂ ಮಿಕ್ಕಿ ತಾವರೆಯನ್ನೂ ನೈದಿಲೆಯನ್ನೂ ಒಂದೇ ಮನೆಯ ಮಕ್ಕಳೆಂದು ಬರೆದುಕೊಂಡು ಬಂದರು. ಕಳೆದ ಶತಮಾನದ ಕೊನೆಯ ದಶಕದಲ್ಲಿ, ಗಿಡದ ಜೀವಕಣದೊಳಗಿನ ಡಿ.ಎನ್.ಎ.ಯನ್ನು ಓದುವ ವಿದ್ಯೆ ಕೈಗೆ ಬಂದ ಮೇಲೆ, ಈ ನೆಂಟಸ್ತಿಕೆ ಮುರಿದುಬಿತ್ತು. ತಾವರೆಗೆ ನೀರಿನಲ್ಲಿ ಹತ್ತಿರದ ಬಂಧುಗಳು ಯಾರೂ ಇಲ್ಲ. ಅದರ ದಾಯಾದಿಗಳು ನೆಲದ ಮೇಲೆ ಮರಗಳಾಗಿ ನಿಂತಿದ್ದಾರೆ ಎಂದು ತಿಳಿದುಬಂತು. ಇದು ಹೇಗಾಯಿತು, ಹಿಂದಿನವರ ಕಣ್ಣು ಎಲ್ಲಿ ತಪ್ಪಿತು, ಹೊಸ ವಿದ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಹಳಬರು ಕಂಡ ಭೇದ

ಈ ಎರಡು ಹೂಗಳ ಭೇದವನ್ನು ಗುರುತಿಸಿದ್ದು ನಮ್ಮವರಷ್ಟೇ ಅಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಈಜಿಪ್ಟಿನ ವಿಷಯವನ್ನು ಬರೆಯುವಾಗ ನೈಲ್ ನದಿಯ ನೈದಿಲೆಯನ್ನು ವರ್ಣಿಸಿ, ಅದರ ಪಕ್ಕದಲ್ಲೇ ಗುಲಾಬಿಯನ್ನು ಹೋಲುವ ಇನ್ನೊಂದು ನೀರ ಹೂವನ್ನು ಹೇಳುತ್ತಾನೆ. ಆ ಎರಡನೆಯದರ ಕಾಯಿ ಕಣಜದ ಗೂಡಿನಂತಿರುತ್ತದೆಂದು ಅವನ ವಿವರಣೆ. ತಾವರೆಯ ಕಾಯನ್ನು ನೋಡಿದವರಿಗೆ ಅವನು ಯಾವುದನ್ನು ಕಂಡನೆಂದು ಬೇರೆ ಹೇಳಬೇಕಾಗಿಲ್ಲ. ವಿಚಿತ್ರವೆಂದರೆ, ಮುಂದೆ ಐರೋಪ್ಯರು ‘ಲೋಟಸ್’ ಎಂಬ ಒಂದೇ ಹೆಸರನ್ನು ನೈಲ್ ನದಿಯ ನೈದಿಲೆಗೂ ಭಾರತದ ತಾವರೆಗೂ ಅಂಟಿಸಿ ಗೊಂದಲವನ್ನು ಹೆಚ್ಚಿಸಿದರು.

ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಎಂಬವನು ಮಲಬಾರಿನ ಗಿಡಮರಗಳ ಬಗ್ಗೆ ಹನ್ನೆರಡು ಸಂಪುಟಗಳ ದೊಡ್ಡ ಗ್ರಂಥವನ್ನು ಸಿದ್ಧಗೊಳಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ಈ ‘ಹೊರ್ಟುಸ್ ಮಲಬಾರಿಕುಸ್’ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವೈದ್ಯರೂ ಇದ್ದರು. ಇದರ ಹನ್ನೊಂದನೆಯ ಸಂಪುಟದಲ್ಲಿ ತಾವರೆಯ ಚಿತ್ರದ ಮೇಲೆ ‘ತಾಮರ’ ಎಂದಿದೆ. ನೈದಿಲೆಯ ಚಿತ್ರದ ಮೇಲೆ ‘ಆಂಬಲ್’ ಎಂದಿದೆ. ಕರಾವಳಿಯ ವೈದ್ಯರಿಗೆ ಇವೆರಡೂ ಬೇರೆ ಬೇರೆ ಮದ್ದಿನ ಗಿಡಗಳು, ಬೇರೆ ಬೇರೆ ಹೆಸರುಗಳು.

ಈ ಸಂಪುಟಗಳನ್ನು ಚೆನ್ನಾಗಿ ಬಳಸಿಕೊಂಡವನು ಸ್ವೀಡನ್ನಿನ ಲಿನ್ನೇಯಸ್. ಗಿಡಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಗೆ ತಳಹದಿಯಾದ ತನ್ನ ಗ್ರಂಥವನ್ನು ಅವನು 1753ರಲ್ಲಿ ಹೊರತಂದ. ಅದರಲ್ಲಿ ತಾವರೆಯನ್ನೂ ನೈದಿಲೆಗಳನ್ನೂ ‘ನಿಂಫೇಯ’ ಎಂಬ ಒಂದೇ ಕುಲದಲ್ಲಿ ಸೇರಿಸಿದ. ಅವನ ವಿಂಗಡಣೆಯ ಕ್ರಮ ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸುವುದು. ಅದು ಗಿಡವನ್ನು ಬೇಗ ಗುರುತಿಸಲು ಒದಗುವ ಉಪಾಯವೇ ಹೊರತು ಅದರ ವಂಶವನ್ನು ತಿಳಿಸುವ ದಾರಿಯಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1763ರಲ್ಲಿ, ಫ್ರಾನ್ಸಿನ ಆಡನ್‌ಸನ್ ತಾವರೆಯನ್ನು ಬೇರ್ಪಡಿಸಿ ಅದಕ್ಕೆ ‘ನೆಲುಂಬೊ’ ಎಂಬ ಕುಲದ ಹೆಸರು ಕೊಟ್ಟ. ಹೆಸರು ಸಿಂಹಳ ಭಾಷೆಯದು. ಸಿಂಹಳದಲ್ಲಿ ತಾವರೆಗೆ ನೆಲುಂಬು ಎನ್ನುತ್ತಾರೆ.

ಕುಲವೇನೋ ಬೇರೆಯಾಯಿತು, ಕುಟುಂಬ ಬೇರೆಯಾಗಲಿಲ್ಲ. 1820ರ ದಶಕದಲ್ಲೇ ಕೆಲವರು ತಾವರೆಗೆ ಪ್ರತ್ಯೇಕ ಕುಟುಂಬ ಬೇಕೆಂದು ಸೂಚಿಸಿದ್ದುಂಟು. ಆದರೆ ಭಾರತದ ಸಸ್ಯಶಾಸ್ತ್ರಕ್ಕೆ ಬಹುಕಾಲ ಪ್ರಮಾಣಗ್ರಂಥಗಳಾಗಿದ್ದ ಬೆಂಥಾಮ್ ಮತ್ತು ಹೂಕರರ ಕೃತಿಗಳಲ್ಲಿ, 1872ರಲ್ಲಿ ಹೊರಬಂದ ಬ್ರಿಟಿಷ್ ಇಂಡಿಯಾದ ಸಸ್ಯಾವಳಿಯ ಮೊದಲನೆಯ ಸಂಪುಟದಲ್ಲಿ, ತಾವರೆ ನೈದಿಲೆಯ ಕುಟುಂಬದಲ್ಲೇ ಉಳಿಯಿತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಲೆಮಾರುಗಳ ಕಾಲ ಉರುಹೊಡೆದದ್ದು ಅದನ್ನೇ.

ಸಂಶಯದ ಎಳೆ

ಹಾಗೆಂದು ಸಂಶಯಪಟ್ಟವರು ಯಾರೂ ಇರಲಿಲ್ಲವೆಂದಲ್ಲ. ಹೊರಗಿನ ಹೋಲಿಕೆಯನ್ನು ಬದಿಗಿಟ್ಟು ಹೂವನ್ನು ಬಿಡಿಸಿ ನೋಡಿದಾಗ ತೊಡಕುಗಳು ಒಂದೊಂದಾಗಿ ಎದುರಾಗುತ್ತವೆ. ನೈದಿಲೆಯ ಕಾಯಿಯ ಕೋಣೆಗಳು ಒಂದಕ್ಕೊಂದು ಬೆಸೆದುಕೊಂಡು ಒಂದೇ ಗುಂಡನೆಯ ಕಾಯಾಗುತ್ತವೆ. ಅದು ನೀರಿನೊಳಗೆ ಮುಳುಗಿ ಹಣ್ಣಾಗುತ್ತದೆ. ತಾವರೆಯಲ್ಲಾದರೋ ಮೊಟಕು ಶಂಕುವಿನಂಥ ಪೀಠದ ಮೇಲೆ ಗುಳಿಗುಳಿಯಾಗಿ, ಪ್ರತಿ ಗುಳಿಯಲ್ಲೂ ಒಂದೊಂದು ಬಿಡಿ ಕಾಯಿ ಕುಳಿತಿರುತ್ತದೆ. ನೈದಿಲೆಯ ಬೀಜದಲ್ಲಿ ಮೊಳಕೆ ತೀರ ಚಿಕ್ಕದು. ಸುತ್ತ ತುಂಬಿರುವುದು ಅದರ ಆಹಾರದ ಸಂಗ್ರಹ. ತಾವರೆಯ ಬೀಜದಲ್ಲಿ ಅಂಥ ಸಂಗ್ರಹ ಉಳಿಯುವುದಿಲ್ಲ; ದಪ್ಪನೆಯ ಎರಡು ಬೀಜದಳಗಳ ನಡುವೆ ಹಸುರಾದ ಮೊಳಕೆಯೇ ಬೆಳೆದು ನಿಂತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಪರಾಗದ್ದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೈದಿಲೆಯ ಪರಾಗದ ಕಣದ ಮೇಲೆ ಒಂದೇ ಸೀಳು. ತಾವರೆಯ ಪರಾಗದಲ್ಲಿ ಮೂರು ಸೀಳುಗಳು. ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಹೂಬಿಡುವ ಗಿಡಗಳ ಜಗತ್ತಿನಲ್ಲಿ ಇದು ಗೋತ್ರದ ಗುರುತು ಇದ್ದಂತೆ. ಮಾವು, ಬೇವು, ಗುಲಾಬಿ, ತೊಗರಿ ಮುಂತಾಗಿ ಎರಡು ಬೀಜದಳಗಳ ಬಹುಪಾಲು ಗಿಡಗಳಲ್ಲಿ ಮೂರು ಸೀಳಿನ ಪರಾಗ ಅಥವಾ ಅದರಿಂದ ಹುಟ್ಟಿದ ರೂಪಗಳು ಕಾಣುತ್ತವೆ. ಒಂದು ಸೀಳಿನದು ಅದಕ್ಕಿಂತ ಹಳೆಯ ಬಗೆ. ತಾವರೆಯ ಪರಾಗ ಮಾವಿನ ಕಡೆಯವರ ಗುರುತನ್ನು ಧರಿಸಿಕೊಂಡು ನೈದಿಲೆಯ ಮನೆಯಲ್ಲಿ ಕುಳಿತಿದ್ದೇಕೆ?

ಈ ಪ್ರಶ್ನೆಯನ್ನು ಎತ್ತಿಕೊಂಡ ಹುಯಿ-ಲಿನ್ ಲೀ ಎಂಬ ವಿದ್ವಾಂಸ 1955ರಲ್ಲಿ ತಾವರೆಯನ್ನು ನೈದಿಲೆಗಳಿಂದ ಸಂಪೂರ್ಣ ಬೇರ್ಪಡಿಸಬೇಕೆಂದು ವಾದಿಸಿದ. ರಷ್ಯದ ತಖ್ತಾಜಾನ್ ಕೂಡ ಅದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟ. ಆದರೆ 1981ರಲ್ಲಿ ಪ್ರಕಟವಾಗಿ ವಿಶ್ವವಿದ್ಯಾಲಯಗಳಲ್ಲೆಲ್ಲ ಹರಡಿದ ಅಮೆರಿಕದ ಕ್ರಾನ್‌ಕ್ವಿಸ್ಟನ ಮಹಾಗ್ರಂಥದಲ್ಲಿ ತಾವರೆಗೆ ಬೇರೆ ಕುಟುಂಬ ಸಿಕ್ಕಿದರೂ ಅದು ನೈದಿಲೆಗಳ ಗಣದಲ್ಲೇ ಉಳಿಯಿತು. ಹೀಗೆ ವಾದವು ತೀರಲಿಲ್ಲ. ಒಬ್ಬರು ಹೋಲಿಕೆಗಳ ಪಟ್ಟಿಯನ್ನು ತೋರಿಸಿದರೆ ಇನ್ನೊಬ್ಬರು ಭೇದಗಳ ಪಟ್ಟಿಯನ್ನು ತೋರಿಸುವರು. ಯಾವ ಪಟ್ಟಿಗೆ ಎಷ್ಟು ತೂಕವೆಂದು ಹೇಳುವ ತಕ್ಕಡಿ ಇರಲಿಲ್ಲ.

ನೀರು ತೊಡಿಸುವ ವೇಷ

ಹೋಲಿಕೆ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಹೂಬಿಡುವ ಗಿಡಗಳು ಮೂಲತಃ ನೆಲದವು. ಅವುಗಳಲ್ಲಿ ಬೇರೆ ಬೇರೆ ವಂಶದವು ಬೇರೆ ಬೇರೆ ಕಾಲದಲ್ಲಿ ನೀರಿಗೆ ಇಳಿದವು. ಹೀಗೆ ಇಳಿದದ್ದು ಕನಿಷ್ಠ ಐವತ್ತು ಸಲವಾದರೂ ಇರಬೇಕೆಂದು ಬಲ್ಲವರ ಎಣಿಕೆ. ನೀರಿನ ಬಾಳು ಒಂದೇ ಬಗೆಯ ಕಷ್ಟಗಳನ್ನು ಎಲ್ಲರಿಗೂ ಒಡ್ಡುತ್ತದೆ. ಕೆಸರಿನಲ್ಲಿ ಪ್ರಾಣವಾಯು ಕಡಿಮೆ. ಆದ್ದರಿಂದ ದಂಟಿನಲ್ಲಿ ಗಾಳಿಯ ಕೊಳವೆಗಳು ಬೇಕು. ಮೈಯ ಭಾರವನ್ನು ನೀರೇ ಹೊರುವುದರಿಂದ ಗಟ್ಟಿಯಾದ ಮರ ಬೇಡ. ಅದು ಕ್ರಮೇಣ ಸವೆದುಹೋಗುತ್ತದೆ. ಬೆಳಕು ಸಿಗುವುದು ಮೇಲ್ಮೈಯಲ್ಲಿ. ಆದ್ದರಿಂದ ಅಗಲವಾದ ಎಲೆ, ಅದನ್ನು ಮೇಲಕ್ಕೆ ಮುಟ್ಟಿಸುವಷ್ಟು ನೀಳವಾದ ತೊಟ್ಟು ಬೇಕು.

ಬೇರೆ ಬೇರೆ ಊರುಗಳಿಂದ ಬಂದವರು ಒಂದೇ ಕಛೇರಿಯಲ್ಲಿ ಮೂವತ್ತು ವರ್ಷ ದುಡಿದರೆ ನಡೆನುಡಿಯಲ್ಲಿ ಒಬ್ಬರನ್ನೊಬ್ಬರು ಹೋಲುತ್ತಾರೆ. ಅಷ್ಟರಿಂದ ಅವರು ಒಂದೇ ತಾಯಿಯ ಮಕ್ಕಳಾಗುವುದಿಲ್ಲ. ಹೋಲಿಕೆ ಬೇರೆ, ನೆಂಟಸ್ತಿಕೆ ಬೇರೆ. ನೆಲದ ಗಿಡಗಳಲ್ಲಿ ಇವೆರಡೂ ಸಾಮಾನ್ಯವಾಗಿ ಜತೆಜತೆಯಾಗಿ ಹೋಗುವುದರಿಂದ ತಪ್ಪು ಕಡಿಮೆ. ನೀರಿನ ಗಿಡಗಳಲ್ಲಿ ಮಾತ್ರ ಬಾಳಿನ ಒತ್ತಡ ಮೈಯನ್ನು ಹಿಂಡಿ ಒಂದೇ ಅಚ್ಚಿಗೆ ಇಳಿಸುತ್ತದೆ. ಬೇರು, ಕಾಂಡ, ಎಲೆಗಳು ಕುಗ್ಗಿ, ಹೂವು ಸಣ್ಣದಾಗಿ, ವಂಶದ ಗುರುತುಗಳೇ ಅಳಿಸಿಹೋದ ಗಿಡಗಳೂ ಇವೆ. ಮೈಯನ್ನು ನೋಡಿ ವಂಶವನ್ನು ಹೇಳುವ ಶಾಸ್ತ್ರಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ.

ಎಲೆಯೊಳಗಿನ ಕಡತ

ಹೊಸ ದಾರಿ ತೆರೆದದ್ದು ಬೇರೊಂದು ದಿಕ್ಕಿನಿಂದ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ರಚನೆಯನ್ನು ವಿವರಿಸಿದರು. ಜೀವಿಯ ಮೈಕಟ್ಟಿಗೆ ಬೇಕಾದ ಸೂಚನೆಗಳು ಎ, ಟಿ, ಜಿ, ಸಿ ಎಂದು ಕರೆಯುವ ನಾಲ್ಕೇ ‘ಅಕ್ಷರ’ಗಳಲ್ಲಿ ಬರೆದಿಟ್ಟ ಉದ್ದನೆಯ ಎಳೆ ಅದು. 1965ರಲ್ಲಿ ಜುಕರ್‌ಕಾಂಡ್ಲ್ ಮತ್ತು ಪೌಲಿಂಗ್ ಎಂಬ ವಿಜ್ಞಾನಿಗಳು ಒಂದು ಮುಖ್ಯವಾದ ಮಾತನ್ನು ಮುಂದಿಟ್ಟರು: ಜೀವಿಗಳ ದೊಡ್ಡ ಅಣುಗಳು ಅವುಗಳ ವಂಶದ ಇತಿಹಾಸಕ್ಕೆ ದಾಖಲೆಗಳಾಗಬಲ್ಲವು. 1977ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಈ ಅಕ್ಷರಗಳನ್ನು ಸಾಲಾಗಿ ಓದುವ ಸುಲಭ ವಿಧಾನವನ್ನು ಕೊಟ್ಟ. ಮುಂದಿನ ದಶಕದಲ್ಲಿ ಅಮೆರಿಕದ ಮುಲ್ಲಿಸ್ ಕಂಡುಹಿಡಿದ ಉಪಾಯದಿಂದ, ಒಂದು ಚೂರು ಎಲೆಯಿಂದ ತೆಗೆದ ಅತ್ಯಲ್ಪ ಡಿ.ಎನ್.ಎ.ಯನ್ನೂ ಕೋಟಿ ಪ್ರತಿಗಳಾಗಿ ಹೆಚ್ಚಿಸುವುದು ಸಾಧ್ಯವಾಯಿತು.

ಇದರ ತತ್ತ್ವವನ್ನು ನಮ್ಮ ಹಳೆಗನ್ನಡ ಗ್ರಂಥಗಳನ್ನು ಸಂಪಾದಿಸುವ ಪಂಡಿತರು ಕೂಡಲೇ ಗ್ರಹಿಸಿಯಾರು. ಒಂದು ಕಾವ್ಯದ ಓಲೆಪ್ರತಿಯನ್ನು ಒಬ್ಬ ಲಿಪಿಕಾರ ನಕಲು ಮಾಡುವಾಗ ಒಂದು ಅಕ್ಷರ ತಪ್ಪಿದರೆ, ಆ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳಲ್ಲೂ ಆ ತಪ್ಪು ಬರುತ್ತದೆ. ಎರಡು ಪ್ರತಿಗಳಲ್ಲಿ ಒಂದೇ ಬಗೆಯ ತಪ್ಪುಗಳು ಹಲವು ಕಂಡರೆ ಅವು ಒಂದೇ ಮಾತೃಕೆಯಿಂದ ಬಂದವೆಂದು ಸಂಪಾದಕನು ತೀರ್ಮಾನಿಸುತ್ತಾನೆ. ಡಿ.ಎನ್.ಎ.ಯೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬರುವ ಓಲೆಯೇ. ಅಪರೂಪಕ್ಕೊಮ್ಮೆ ಅಕ್ಷರ ತಪ್ಪುತ್ತದೆ. ತಪ್ಪಿದ್ದು ಸಂತತಿಗೆ ಇಳಿಯುತ್ತದೆ. ಇಲ್ಲಿ ಇನ್ನೊಂದು ಅನುಕೂಲವೂ ಉಂಟು. ಇಂಥ ಎಷ್ಟೋ ಅಕ್ಷರಭೇದಗಳು ಗಿಡದ ಮೈಯನ್ನು ಬದಲಿಸುವುದೇ ಇಲ್ಲ. ನೀರಿನಲ್ಲಿ ಬಾಳುವುದೋ ನೆಲದಲ್ಲಿ ಬಾಳುವುದೋ ಎಂಬುದರ ಗೊಡವೆ ಅವಕ್ಕಿಲ್ಲ. ನೀರು ಮೈಗೆ ವೇಷ ತೊಡಿಸಬಲ್ಲದು, ಈ ಕಡತವನ್ನು ತಿದ್ದಲಾರದು.

ಸಸ್ಯಶಾಸ್ತ್ರಜ್ಞರು ಮೊದಲು ಆರಿಸಿಕೊಂಡದ್ದು ಎಲೆಯ ಹಸುರುಕಣಗಳಲ್ಲಿರುವ ಒಂದು ಜೀನನ್ನು. ಅದರ ಹೆಸರು ಆರ್‌ಬಿಸಿಎಲ್. ಉದ್ದ ಸುಮಾರು 1,400 ಅಕ್ಷರಗಳು. ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹಿಡಿದು ಆಹಾರವಾಗಿಸುವ ಕೆಲಸಕ್ಕೆ ಬೇಕಾದ ಕಿಣ್ವದ ದೊಡ್ಡ ಭಾಗವನ್ನು ತಯಾರಿಸುವ ಸೂಚನೆ ಇದರಲ್ಲಿದೆ. ಹುಲ್ಲಿನಿಂದ ಆಲದ ಮರದವರೆಗೆ ಹಸುರಾದ ಗಿಡಗಳಲ್ಲೆಲ್ಲ ಇದು ಇರುವುದರಿಂದ ಯಾವುದನ್ನು ಯಾವುದರೊಡನೆ ಬೇಕಾದರೂ ಇಟ್ಟು ಹೋಲಿಸಬಹುದು.

1991ರಲ್ಲಿ ಅಮೆರಿಕದ ಡೊನಾಲ್ಡ್ ಲೆಸ್ ಮತ್ತು ಅವನ ಇಬ್ಬರು ಸಹೋದ್ಯೋಗಿಗಳು ಈ ಜೀನನ್ನು ತಾವರೆ, ನೈದಿಲೆ ಮೊದಲಾದ ನೀರಿನ ಗಿಡಗಳಲ್ಲಿ ಓದಿ ಹೋಲಿಸಿದರು. ತಾವರೆ ನೈದಿಲೆಯ ಬಳಗದಿಂದ ದೂರ ಸರಿದು ನಿಂತಿತು. ಎರಡು ವರ್ಷಗಳ ನಂತರ, 1993ರಲ್ಲಿ, ಮಾರ್ಕ್ ಚೇಸ್ ಮೊದಲಾದ 42 ಮಂದಿ ವಿಜ್ಞಾನಿಗಳು ಒಟ್ಟಾಗಿ 499 ಗಿಡಗಳ ಇದೇ ಜೀನನ್ನು ಹೋಲಿಸಿ ಬೀಜಬಿಡುವ ಸಸ್ಯಗಳ ದೊಡ್ಡದೊಂದು ವಂಶವೃಕ್ಷವನ್ನು ಪ್ರಕಟಿಸಿದರು. ಅದರಲ್ಲಿ ತಾವರೆಯ ಪಕ್ಕದಲ್ಲಿ ಯಾರಿದ್ದರೆಂದು ನೋಡಿದವರು ಬೆರಗಾದರು.

ಕಾಫಿಯ ತೋಟದ ಬಂಧು

ಒಂದು ಪಕ್ಕದಲ್ಲಿದ್ದದ್ದು ಪ್ಲಾಟನಸ್. ಅಂದರೆ ಕಾಶ್ಮೀರದ ಚಿನಾರ್ ಮರ ಮತ್ತು ಅದರ ಸೋದರರು. ಇನ್ನೊಂದು ಪಕ್ಕದಲ್ಲಿದ್ದದ್ದು ಪ್ರೋಟಿಯ ಎಂಬ ಕುಟುಂಬ. ಈ ಹೆಸರು ಅಪರಿಚಿತವೆನಿಸಿದರೂ ಆ ಕುಟುಂಬದ ಒಂದು ಮರ ನಮಗೆ ಚಿರಪರಿಚಿತ. ಕೊಡಗಿನಲ್ಲೂ ಚಿಕ್ಕಮಗಳೂರಿನಲ್ಲೂ ಕಾಫಿ ಗಿಡಗಳಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ಸಾಲುಸಾಲಾಗಿ ನಿಂತಿರುವ ಸಿಲ್ವರ್ ಓಕ್ ಅದೇ. ಆಸ್ಟ್ರೇಲಿಯದಿಂದ ತಂದು ನೆಟ್ಟ ಈ ಒಣನಾಡಿನ ಎತ್ತರದ ಮರ ಕೆಸರಿನ ತಾವರೆಗೆ ದಾಯಾದಿಯೆಂದರೆ ಯಾರು ತಾನೆ ನಂಬಿಯಾರು? ಆದರೂ ಮತ್ತೆ ಮತ್ತೆ ಬೇರೆ ಬೇರೆ ಜೀನುಗಳನ್ನು ಓದಿದಾಗ ಬಂದ ಉತ್ತರ ಒಂದೇ. 1998ರಲ್ಲಿ ಡಿ.ಎನ್.ಎ.ಯ ಆಧಾರದ ಮೇಲೆ ಸಸ್ಯಕುಟುಂಬಗಳನ್ನು ಹೊಸದಾಗಿ ಜೋಡಿಸಿದ ವಿಜ್ಞಾನಿಗಳ ಕೂಟ ತಾವರೆ, ಚಿನಾರ್, ಸಿಲ್ವರ್ ಓಕ್ ಈ ಮೂರರ ಕುಟುಂಬಗಳನ್ನು ಒಂದೇ ಗಣದಲ್ಲಿ ಇಟ್ಟಿತು.

ಇವು ತೀರ ಹತ್ತಿರದ ನೆಂಟರೆಂದು ತಿಳಿಯಬಾರದು. ಇವುಗಳ ಕವಲೊಡೆದು ಹತ್ತು ಕೋಟಿ ವರ್ಷಗಳಿಗೂ ಹೆಚ್ಚಾಯಿತು. ನಡುವೆ ಇದ್ದ ಕೊಂಡಿಗಳು ಅಳಿದುಹೋಗಿವೆ. ತಾವರೆಯ ಕುಲದಲ್ಲಿ ಈಗ ಉಳಿದಿರುವುದು ಎರಡೇ: ನಮ್ಮ ಕೆಂಪು ಬಿಳಿ ತಾವರೆ ಒಂದು, ಅಮೆರಿಕದ ಹಳದಿ ತಾವರೆ ಒಂದು. ದೊಡ್ಡ ಮನೆತನದ ಕೊನೆಯ ಕುಡಿಗಳು ಅವು.

ಇತ್ತ ನೈದಿಲೆಯ ಸ್ಥಾನವಂತೂ ಇನ್ನೂ ಸೋಜಿಗದ್ದು. ಅದು ಹೂಬಿಡುವ ಸಸ್ಯಗಳ ವಂಶವೃಕ್ಷದ ಬುಡದಲ್ಲೇ ಕವಲೊಡೆದ ಕೊಂಬೆ. ಬತ್ತ, ಬಾಳೆ, ತೆಂಗಿನಂಥ ಏಕದಳ ಸಸ್ಯಗಳೂ ಮಾವು, ಗುಲಾಬಿಯಂಥ ದ್ವಿದಳ ಸಸ್ಯಗಳೂ ಬೇರೆಬೇರೆಯಾಗುವ ಮೊದಲೇ ನೈದಿಲೆಯ ವಂಶ ತನ್ನ ಪಾಲು ತೆಗೆದುಕೊಂಡು ಹೊರಟಿತ್ತು. ಹಾಗಿದ್ದರೆ ಲೆಕ್ಕ ಹೀಗಾಗುತ್ತದೆ: ತಾವರೆಗೆ ಅದೇ ಕೆರೆಯಲ್ಲಿ ಪಕ್ಕದಲ್ಲಿ ಅರಳುವ ನೈದಿಲೆಗಿಂತ, ಕೆರೆಯ ಕೆಳಗಿನ ಗದ್ದೆಯಲ್ಲಿ ಬೆಳೆಯುವ ಬತ್ತದ ಪೈರೇ ಹತ್ತಿರದ ನೆಂಟ! ನೈದಿಲೆಯ ವಂಶ ಎಷ್ಟು ಹಳೆಯದೆಂಬುದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಸುಮಾರು 12 ಕೋಟಿ ವರ್ಷ ಹಳೆಯದಾದ ಪೋರ್ಚುಗಲ್ಲಿನ ಪದರಗಳಲ್ಲಿ ನೈದಿಲೆಯ ಬಳಗಕ್ಕೆ ಸೇರಿದ ಪುಟ್ಟದೊಂದು ಹೂವಿನ ಅವಶೇಷ ಸಿಕ್ಕಿದ್ದು 2001ರಲ್ಲಿ ಪ್ರಕಟವಾಯಿತು.

ಈಗ ಪೇಟೆಯ ಅಂಗಡಿಗಳಲ್ಲಿ ಹುರಿದು ಉಬ್ಬಿಸಿದ ಮಖಾನಾ ಎಂಬ ಬಿಳಿಯ ತಿನಿಸು ಸಿಗುತ್ತದಲ್ಲ, ಅದನ್ನು ಬಹುಮಂದಿ ತಾವರೆಯ ಬೀಜವೆಂದೇ ನಂಬಿ ತಿನ್ನುತ್ತಾರೆ. ಅದು ಬಿಹಾರದ ಕೆರೆಗಳಲ್ಲಿ ಬೆಳೆಯುವ ಮುಳ್ಳು ಎಲೆಯ ಗಿಡವೊಂದರ ಬೀಜ. ಆ ಗಿಡ ನೈದಿಲೆಯ ಕುಟುಂಬದ್ದು. ಲಿನ್ನೇಯಸ್ ಮಾಡಿದ ತಪ್ಪು ನಮ್ಮ ತಿಂಡಿಯ ಪೊಟ್ಟಣದಲ್ಲಿ ಇನ್ನೂ ಉಳಿದಿದೆ.

ಸಾಕ್ಷಿಯೂ ಎಡವಬಲ್ಲದು

ಇಷ್ಟನ್ನು ಓದಿದವರು, ಡಿ.ಎನ್.ಎ. ಎಂದರೆ ಸುಳ್ಳು ಹೇಳದ ಸಾಕ್ಷಿಯೆಂದು ತಿಳಿದಾರು. ಅದೂ ಸರಿಯಲ್ಲ. 1993ರ ಅದೇ ವಂಶವೃಕ್ಷದಲ್ಲಿ ಬುಡದ ಮೊಟ್ಟಮೊದಲ ಕೊಂಬೆಯಾಗಿ ಕಾಣಿಸಿಕೊಂಡದ್ದು ನೈದಿಲೆಯಲ್ಲ, ಸೆರಟೋಫಿಲಂ ಎಂಬ ಇನ್ನೊಂದು ನೀರಿನ ಗಿಡ. ಬೇರೇ ಇಲ್ಲದೆ ನೀರಿನೊಳಗೆ ಮುಳುಗಿ ತೇಲುವ, ಕವಲೊಡೆದ ಎಳೆಯಂಥ ಎಲೆಗಳ ಈ ಗಿಡವನ್ನು ಮೀನು ಸಾಕುವವರು ಗಾಜಿನ ತೊಟ್ಟಿಗಳಲ್ಲಿ ಬಿಡುವುದುಂಟು. ಹೂಬಿಡುವ ಗಿಡಗಳೆಲ್ಲಕ್ಕೂ ಇದೇ ಹಿರಿಯಕ್ಕನೆಂದು ಕೆಲಕಾಲ ಗಟ್ಟಿಯಾಗಿ ಹೇಳಲಾಯಿತು.

ತಪ್ಪು ಎಲ್ಲಾಯಿತು? ಒಂದು ವಂಶ ಕೋಟ್ಯಂತರ ವರ್ಷ ಒಂಟಿಯಾಗಿ ನಡೆದುಬಂದು ಅದರ ಹತ್ತಿರದ ನೆಂಟರೆಲ್ಲ ಅಳಿದುಹೋಗಿದ್ದರೆ, ಅದರ ಓಲೆಯಲ್ಲಿ ಅಕ್ಷರಗಳು ಮತ್ತೆ ಮತ್ತೆ ತಿದ್ದಿಹೋಗಿರುತ್ತವೆ. ನಾಲ್ಕೇ ಅಕ್ಷರಗಳ ಬರವಣಿಗೆಯಲ್ಲಿ ಇಂಥ ಎರಡು ಒಂಟಿ ವಂಶಗಳ ಅಕ್ಷರಗಳು ಕೇವಲ ಆಕಸ್ಮಿಕವಾಗಿ ತಾಳೆಬೀಳಬಹುದು. ಒಂದೇ ಜೀನನ್ನು ನೆಚ್ಚಿದರೆ ಈ ಆಕಸ್ಮಿಕವೇ ನೆಂಟಸ್ತಿಕೆಯಂತೆ ತೋರುತ್ತದೆ. ನೀರು ಮೈಯ ಮೇಲೆ ಮಾಡಿದ ಮೋಸವನ್ನು ಕಾಲ ಕಡತದ ಮೇಲೆ ಮಾಡುತ್ತದೆಯೆಂದರೂ ಸಲ್ಲುತ್ತದೆ. ಪರಿಹಾರ ಒಂದೇ: ಇನ್ನಷ್ಟು ಜೀನುಗಳನ್ನು ಓದಬೇಕು, ಇನ್ನಷ್ಟು ಗಿಡಗಳನ್ನು ಸೇರಿಸಬೇಕು. ಹಾಗೆ ಮಾಡಿದಾಗ ಸೆರಟೋಫಿಲಂ ಬುಡದಿಂದ ಮೇಲಕ್ಕೆ ಸರಿಯಿತು. 2020ರಲ್ಲಿ ಮಖಾನಾ ಗಿಡ ಮತ್ತು ಸೆರಟೋಫಿಲಂ ಎರಡರ ಇಡೀ ಡಿ.ಎನ್.ಎ.ಯನ್ನೂ ಓದಿದವರು ಅದು ದ್ವಿದಳಗಳ ಕಡೆಗೆ ಹೆಚ್ಚು ಸಮೀಪವೆಂದು ಸೂಚಿಸಿದರು.

ಅಂಬೊರೆಲ್ಲ ಮತ್ತು ಒಬ್ಬ ಕನ್ನಡಿಗ

ಹಾಗಾದರೆ ಬುಡದ ಮೊದಲ ಕೊಂಬೆ ಯಾರದು? 1999ರಲ್ಲಿ ಹಲವು ತಂಡಗಳು ಒಂದರಿಂದೊಂದು ಸ್ವತಂತ್ರವಾಗಿ, ಹಲವು ಜೀನುಗಳನ್ನು ಕೂಡಿಸಿ ಓದಿ, ಒಂದೇ ಉತ್ತರಕ್ಕೆ ಬಂದವು. ಶಾಂತಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಪೊದೆಯದು ಮೊದಲ ಕೊಂಬೆ. ಅದರ ನಂತರದ್ದು ನೈದಿಲೆಯ ಬಳಗ. ಅಂಬೊರೆಲ್ಲದ ವಂಶದಲ್ಲಿ ಅದೊಂದೇ ಪ್ರಭೇದ ಉಳಿದಿದೆ.

ಈ ಅಂಬೊರೆಲ್ಲದ ಹೆಸರು ಕೇಳಿದಾಗ ಕನ್ನಡಿಗರು ನೆನೆಯಬೇಕಾದ ಸಂಗತಿ ಒಂದಿದೆ. ಅದರ ಅಂಗರಚನೆಯನ್ನು ಕುರಿತು 1948ರಲ್ಲಿ ಪ್ರಕಟವಾದ ಮುಖ್ಯ ಲೇಖನದ ಕರ್ತೃಗಳು ಇಬ್ಬರು: ಹಾರ್ವರ್ಡಿನ ಪ್ರಾಧ್ಯಾಪಕ ಬೈಲಿ ಒಬ್ಬರು, ಇನ್ನೊಬ್ಬರು ನಮ್ಮ ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗನಾಗಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ‘ಹಸುರು ಹೊನ್ನು’ ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಸ್ವಾಮಿಯವರನ್ನು ವಾಚಕರು ಬಲ್ಲರು. ಸಾಮಾನ್ಯವಾಗಿ ಹೂಬಿಡುವ ಗಿಡಗಳ ಮರದಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳು ಇರುತ್ತವೆ. ಅಂಬೊರೆಲ್ಲದಲ್ಲಿ ಅವು ಇಲ್ಲವೆಂದೂ, ಅದು ನಾಳವಿಲ್ಲದ ಗಿಡಗಳಲ್ಲಿ ಹೊಸದೊಂದು ಮಾದರಿಯೆಂದೂ ಅವರು ಸ್ಥಾಪಿಸಿದರು. ಡಿ.ಎನ್.ಎ.ಯ ರಚನೆ ಗೊತ್ತಾಗಲು ಆಗ ಇನ್ನೂ ಐದು ವರ್ಷವಿತ್ತು. ಸ್ವಾಮಿಯವರು 1980ರಲ್ಲಿ ತೀರಿಕೊಂಡರು. ಆ ಪೊದೆ ಇಡೀ ಹೂಜಗತ್ತಿನ ವಂಶವೃಕ್ಷದ ಬುಡಕ್ಕೆ ಬಂದದ್ದನ್ನು ಅವರು ನೋಡಲಿಲ್ಲ. ಆದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಅದರ ವೈಲಕ್ಷಣ್ಯವನ್ನು ಬರೆದಿಟ್ಟವರಲ್ಲಿ ಅವರು ಒಬ್ಬರು.

ಕೊಂಕಣದ ಪುಟ್ಟ ಗಿಡ

ಇದೇ ಕಥೆಯ ಇನ್ನೊಂದು ಕವಲು ನಮ್ಮ ಪಡುವಣ ಕರಾವಳಿಗೇ ಬಂದು ಮುಟ್ಟುತ್ತದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಹೈಡಟೆಲ್ಲ ಎಂಬ ಪುಟ್ಟ ಕುಟುಂಬವೊಂದು ಗೊತ್ತಿತ್ತು. ಹುಲ್ಲಿನಂಥ ಎಲೆ, ಕೆಲವೇ ಅಂಗುಲಗಳ ಎತ್ತರ, ಕಣ್ಣಿಗೆ ಬೀಳದಷ್ಟು ಸಣ್ಣ ಹೂಗಳು. ಆದ್ದರಿಂದ ಅದನ್ನು ಹುಲ್ಲುಗಳ ಹತ್ತಿರದ ಏಕದಳ ಸಸ್ಯವೆಂದೇ ಎಲ್ಲರೂ ಎಣಿಸಿದ್ದರು. 1994ರಲ್ಲಿ ಎಸ್.ಆರ್. ಯಾದವ್ ಮತ್ತು ಎಂ.ಕೆ. ಜನಾರ್ಥನಂ ಎಂಬ ಭಾರತೀಯ ಸಸ್ಯಶಾಸ್ತ್ರಜ್ಞರು ಇದರ ಒಂದು ಪ್ರಭೇದವನ್ನು ಮಹಾರಾಷ್ಟ್ರದ ಕೊಂಕಣದಲ್ಲಿ ಕಂಡು ‘ಟ್ರಿಥೂರಿಯ ಕೊಂಕಣೆನ್ಸಿಸ್’ ಎಂದು ಹೆಸರಿಟ್ಟರು. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಮಳೆಗಾಲದ ನೀರು ನಿಂತಾಗ ಹುಟ್ಟಿ, ನೀರು ಆರುವುದರೊಳಗೆ ಬೀಜ ಚೆಲ್ಲಿ ಮುಗಿದುಹೋಗುವ ಅಲ್ಪಾಯುಷಿ ಅದು.

2007ರಲ್ಲಿ ಈ ಕುಟುಂಬದ ಡಿ.ಎನ್.ಎ.ಯನ್ನು ಓದಿದಾಗ ಅದು ಹುಲ್ಲಿನ ಬಳಗದ್ದಲ್ಲ, ನೈದಿಲೆಯ ಬಳಗದ್ದು ಎಂದು ಹೊರಬಿತ್ತು. ಅಗಲವಾದ ಎಲೆಯ, ಕಣ್ಸೆಳೆಯುವ ಹೂವಿನ ನೈದಿಲೆಗೂ ಕಾಲಡಿಯ ಈ ಹುಲ್ಲುಕಡ್ಡಿಗೂ ರಕ್ತಸಂಬಂಧ! ತಾವರೆಯ ಪ್ರಕರಣದಲ್ಲಿ ಹೋಲುವವರು ನೆಂಟರಲ್ಲವೆಂದು ತಿಳಿದರೆ, ಇಲ್ಲಿ ಸ್ವಲ್ಪವೂ ಹೋಲದವರೇ ನೆಂಟರೆಂದು ತಿಳಿಯಿತು.

ನಮ್ಮ ಸುತ್ತಮುತ್ತಲ ಇನ್ನೆರಡು ಗಿಡಗಳ ಮಾತನ್ನೂ ಹೇಳಿಬಿಡಬಹುದು. ಹಸುಗೂಸುಗಳಿಗೆ ತೇಯ್ದು ನೆಕ್ಕಿಸುವ ಬಜೆ ಜೌಗುನೆಲದ ಗಿಡ. ಅದನ್ನು ಕೆಸುವಿನ ಕುಟುಂಬದಲ್ಲಿ ಇಟ್ಟಿದ್ದರು. 1993ರಲ್ಲೇ ಅದು ಕೆಸುವಿನದಲ್ಲವೆಂದೂ, ಏಕದಳ ಸಸ್ಯಗಳಲ್ಲೆಲ್ಲ ಮೊದಲು ಕವಲೊಡೆದ ವಂಶವೆಂದೂ ತೋರಿತು. ಕೆರೆಗಳಲ್ಲಿ ತೇಲುವ ಅಂತರಗಂಗೆಯನ್ನೂ ಸಾಸಿವೆಯಷ್ಟು ಸಣ್ಣ ಎಲೆಯ ನೀರಪಾಚಿಯಂಥ ಲೆಮ್ನ ಗಿಡಗಳನ್ನೂ ಒಂದೇ ಸಾಲಿನ ಹಿರಿಯ ಕಿರಿಯರೆಂದು ಬಗೆದಿದ್ದರು. ಎರಡೂ ಕೆಸುವಿನ ದೊಡ್ಡ ಕುಟುಂಬಕ್ಕೆ ಸೇರಿದವೇ ಹೌದು. ಆದರೆ ಆ ಕುಟುಂಬದ ಬೇರೆ ಬೇರೆ ಮನೆಗಳಿಂದ, ಬೇರೆ ಬೇರೆ ದಾರಿಯಲ್ಲಿ ನೀರಿಗೆ ಇಳಿದವು.

ತೀರ್ಮಾನ

ಇದರಿಂದ ಏನಾಯಿತು, ನೆಂಟಸ್ತಿಕೆ ಬದಲಾದ ಮಾತ್ರಕ್ಕೆ ತಾವರೆಯ ಚೆಲುವು ಹೆಚ್ಚಿತೇ ತಗ್ಗಿತೇ ಎಂದು ಕೇಳುವವರು ಇದ್ದಾರೆ. ಚೆಲುವು ಇದ್ದಂತೆಯೇ ಇದೆ. ತಾವರೆ ಭಾರತದ ರಾಷ್ಟ್ರಪುಷ್ಪ, ಕರ್ನಾಟಕದ ರಾಜ್ಯಪುಷ್ಪವೂ ಹೌದು. ಬಾಂಗ್ಲಾದೇಶಕ್ಕೆ ಬಿಳಿಯ ನೈದಿಲೆ, ಶ್ರೀಲಂಕೆಗೆ ನೀಲಿಯ ನೈದಿಲೆ ರಾಷ್ಟ್ರಪುಷ್ಪಗಳು. ಆ ಗೌರವಕ್ಕೆ ವಂಶಾವಳಿಯ ಪ್ರಮಾಣಪತ್ರ ಬೇಕಿಲ್ಲ. ಆದರೆ ಒಂದು ವಿಚಾರ ಮನಸ್ಸಿನಲ್ಲಿ ಉಳಿಯಬೇಕು. ಹೂವು ಎಂಬುದು ಭೂಮಿಯ ಮೇಲೆ ಮೊದಲು ಹೇಗೆ ಹುಟ್ಟಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಯಾರು ಯಾರ ನೆಂಟರೆಂಬುದೇ ಮೊದಲ ಹೆಜ್ಜೆ. ತಾವರೆಯನ್ನು ಆದಿಮ ಹೂವೆಂದು ಹಿಡಿದು ಹೊರಟವನು ತಪ್ಪು ಊರಿಗೆ ಹೋಗುತ್ತಾನೆ.

ಹೊಸ ವಿದ್ಯೆ ಹಳೆಯ ವಿದ್ಯೆಯನ್ನು ಸೋಲಿಸಿತೆಂದು ಹೇಳುವುದೂ ನ್ಯಾಯವಲ್ಲ. ತಾವರೆ ಬೇರೆಯೆಂದು ಪರಾಗ ಹೇಳಿತ್ತು, ಬೀಜ ಹೇಳಿತ್ತು, ಮಲಬಾರಿನ ವೈದ್ಯರು ಇಟ್ಟ ಹೆಸರುಗಳೂ ಹೇಳಿದ್ದವು. ಕೇಳಿಸಿಕೊಳ್ಳುವ ತಾಳ್ಮೆ ಇದ್ದವರಿಗೆ ಅದು ಕೇಳಿಸಿಯೂ ಇತ್ತು. ಡಿ.ಎನ್.ಎ. ಮಾಡಿದ್ದು, ಹಲವು ಸಾಕ್ಷಿಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಎಂದು ತೂಗಿಕೊಟ್ಟದ್ದು. ಅದೇ ಡಿ.ಎನ್.ಎ. ಸೆರಟೋಫಿಲಂನ ವಿಷಯದಲ್ಲಿ ಎಡವಿದಾಗ ತಿದ್ದಿದ್ದು ಇನ್ನಷ್ಟು ಗಿಡಗಳ ಸಾಕ್ಷಿ.

ಆದ್ದರಿಂದಲೇ ಪ್ರತಿಯೊಂದು ಗಿಡವೂ ಮುಖ್ಯ. ಅಂಬೊರೆಲ್ಲ ಒಂದು ದ್ವೀಪದಲ್ಲಿ ಮಾತ್ರ ಉಳಿದಿದೆ. ಕೊಂಕಣದ ಆ ಪುಟ್ಟ ಗಿಡಕ್ಕೆ ಇರುವುದು ಮಳೆಯ ನೀರು ಕೆಲವು ವಾರ ನಿಲ್ಲುವ ಬರಡು ಕಲ್ಲುಹಾಸು. ಅಂಥ ಕಲ್ಲುಹಾಸುಗಳನ್ನು ನಾವು ಪಾಳುಭೂಮಿಯೆಂದು ಕರೆದು ಕಲ್ಲು ಕಡಿಯುವುದಕ್ಕೋ ತೋಟ ಹಾಕುವುದಕ್ಕೋ ಸಲೀಸಾಗಿ ಬಿಟ್ಟುಕೊಡುತ್ತೇವೆ. ಓಲೆಗರಿಯ ಏಕೈಕ ಪ್ರತಿ ಒಲೆಗೆ ಬಿದ್ದರೆ ಯಾವ ಪಂಡಿತನೂ ಅದನ್ನು ಮತ್ತೆ ಓದಿಕೊಡಲಾರ. ಹನ್ನೆರಡು ಕೋಟಿ ವರ್ಷಗಳ ಹಿಂದಿನ ಮನೆತನವೊಂದರ ಕಡತ ಕಾಲಡಿಯಲ್ಲಿ ಹುಲ್ಲುಕಡ್ಡಿಯಾಗಿ ಹಬ್ಬಿರಬಹುದು. ತುಳಿಯುವ ಮುನ್ನ ಬಗ್ಗಿ ನೋಡುವವರು ಊರಿಗೊಬ್ಬರಾದರೂ ಇರಬೇಕು.